ಎಮ್ಮೆಹಳ್ಳದಲ್ಲಿ ಮಾದಯ್ಯನ ಕೂಗು

ಸತ್ತವನ ದನಿಯಲ್ಲಿ ಕೂಗಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹುಣಸೂರಿನಲ್ಲಿ ಆ ಮಳೆಗಾಲದ ಕತೆಯನ್ನು ಈಗಲೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ನಡುವೆ ಬಾಯಿ ಹಾಕಿದರೆ, "ನಿಂಗೇನ್ಲಾ ಗೊತ್ತು, ಸುಮ್ಕಿರು" ಅನ್ನುತ್ತಾರೆ. ಗಂಟಲು ನನ್ನದು, ಕೂಗಿದ ಮಾರನೆಯ ಬೆಳಿಗ್ಗೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದವನೂ ನಾನೇ. ಆದರೂ ನನಗೆ ಗೊತ್ತಿಲ್ಲವಂತೆ.

ಮೊನ್ನೆ ಒಂದು ನಾಮಕರಣದ ಮನೆಗೆ ಮೈಕ್ ಕಟ್ಟಿ ವಾಪಸ್ ಬರುವಾಗ ಎಮ್ಮೆಹಳ್ಳದ ಮೋರಿಯ ಮೇಲೆ ಗಾಡಿ ನಿಲ್ಲಿಸಿದೆ. ಮಳೆ ಆಗಷ್ಟೇ ಬಿಟ್ಟಿತ್ತು. ಊರಾಚೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಗಳಲ್ಲಿ ಸೊಪ್ಪು ಬೇಯುವ ವಾಸನೆ, ಬೆಲ್ಲದ ಪಾಕ ತಳ ಹಿಡಿದ ಹಾಗಿನ ವಾಸನೆ, ಹಳ್ಳದ ಕೆಸರಿನ ವಾಸನೆಗೆ ಬೆರೆತು ಮೂಗಿಗೆ ಬಂತು. ಕೆಳಗೆ ನೀರು ಹರಿಯುತ್ತಿತ್ತು. ಕೇದಗೆ ಮೆಳೆ ಇದ್ದಲ್ಲೇ ಇತ್ತು, ಎರಡೂ ದಂಡೆಗೆ ಗಡಿಕಲ್ಲು ಇತ್ತು, ಒಂದು ಮಿಂಚುಳ್ಳಿ ಕಲ್ಲಿನ ಮೇಲೆ ಕೂತು ನನ್ನನ್ನು ಬಾಕಿ ವಸೂಲಿಗೆ ಬಂದವನ ಹಾಗೆ ನೋಡಿತು. ಎಲ್ಲ ಚೆನ್ನಾಗಿಯೇ ಇತ್ತು. ನನ್ನ ಕೈ ಮಾತ್ರ ತಾನಾಗಿ ಗಂಟಲಿಗೆ ಹೋಯಿತು. ಆ ವಾಸನೆ ಬಂದರೆ ಹೀಗೇ ಆಗುತ್ತದೆ. ಯಾರೋ ಒಳಗಿನಿಂದ ಮಾತಾಡಲು ಜಾಗ ಕೇಳಿದ ಹಾಗೆ.

ನಾನು ಮೈಕ್ ಸೆಟ್ ಅಂಗಡಿಯವನು. ಆಟೋದಲ್ಲಿ ಕೂತು ಪ್ರಚಾರ ಮಾಡುವುದು, ಮದುವೆ ಮನೆಗಳಲ್ಲಿ "ಹಲೋ, ಹಲೋ" ಅನ್ನುವುದು ನನ್ನ ಕೆಲಸ. ಎಲ್ಲರ ದನಿ ಕದಿಯುವುದು ಚಟ. ಕೋಟೆ ಬಸ್ಸಿನ ಕಂಡಕ್ಟರಿನಿಂದ ಹಿಡಿದು ನಮ್ಮ ದೊಡ್ಡಪ್ಪನ ಗೊರಕೆಯವರೆಗೆ ನನ್ನ ಬಾಯಲ್ಲಿ ಎಲ್ಲರೂ ವಾಸವಾಗಿದ್ದಾರೆ. ನನ್ನದೇ ದನಿ ಯಾವುದು ಅಂದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಅವ್ವ ಆಗಾಗ, "ಮಂಜ, ನಿಂದು ಅಂತ ಒಂದ್ ಮಾತ್ ಆಡ್ಲಾ, ಕೇಳ್ಬೇಕು" ಅನ್ನುತ್ತಿದ್ದಳು. ಆಡಲು ಹೋದರೆ ಅವಳ ದನಿಯೇ ಬರುತ್ತಿತ್ತು. ಪೊರಕೆ ಹಾರುತ್ತಿತ್ತು.

ಊರಿನ ಮೇಲುಗಡೆಯ ಕೆರೆಯಿಂದ ಹೊರಟು, ಹಿಂದೆ ಗದ್ದೆಗಳ ನಡುವೆ, ಈಗ ಬಡಾವಣೆಗಳ ಬೆನ್ನಿಗೆ ಹರಿದು, ಲಕ್ಷ್ಮಣತೀರ್ಥ ಸೇರುವ ತೊರೆಗೆ ನಾವು ಎಮ್ಮೆಹಳ್ಳ ಅನ್ನುತ್ತೇವೆ. ಆ ಕೆರೆಯ ನೀರುಗಂಟಿ ಮಾದಯ್ಯ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವತ್ತು ನೀರು ಅನ್ನುವುದನ್ನು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಗದ್ದೆಗಳು ಸೈಟುಗಳಾದ ಮೇಲೆ ನೀರು ಕೇಳುವವರು ಉಳಿಯಲಿಲ್ಲ. ಆದರೂ ಮಳೆಗಾಲದಲ್ಲಿ ಕೆರೆ ತುಂಬಿ ಏರಿಗೆ ಭಾರವಾದಾಗ ಅವನೇ ಹೋಗಿ ತೂಬು ಎತ್ತಬೇಕು. ಎತ್ತುವ ಮೊದಲು ಹಳ್ಳದ ದಂಡೆಯುದ್ದಕ್ಕೂ ಕೂಗಿಕೊಂಡು ಹೋಗುವುದು ಅವನ ಪದ್ಧತಿ. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಸೊಪ್ಪು ಕೀಳುವವರು ಎಲ್ಲರೂ ದಂಡೆ ಹತ್ತಿದರೆಂದು ಕಣ್ಣಾರೆ ನೋಡಿಯೇ ಅವನು ತೂಬಿಗೆ ಕೈ ಹಾಕುತ್ತಿದ್ದದ್ದು.

"ನೀರ್ ಬುಡ್ತೀನೀ... ಮ್ಯಾಕ್ ಬನ್ನೀ..."

ಕೊನೆಯ 'ಬನ್ನೀ' ಒಂದು ಕಡೆ ಸೀಳುತ್ತಿತ್ತು. ಬೀಡಿ ಸೇದಿ ಸೇದಿ ಗಂಟಲಲ್ಲಿ ಆದ ಸೀಳು. ಅದನ್ನು ಹಿಡಿಯಲು ನನಗೆ ಎರಡು ಮಳೆಗಾಲ ಬೇಕಾಯಿತು. ಒಂದು ದಿನ ಮಾದಯ್ಯನ ಎದುರಿಗೇ ಕೂಗಿ ತೋರಿಸಿದೆ. ಅವನು ಬೀಡಿ ಆರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗದೆ ಕಣ್ಲಾ. ಆದ್ರೆ ನೀನ್ ಕೂಗ್ದಾಗ ನೀರ್ ಬರಕ್ಕಿಲ್ವಲ್ಲ" ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ಆ ವರ್ಷ ಯುಗಾದಿ ಕಳೆದು ವಾರಕ್ಕೆ ಮಾದಯ್ಯ ತೀರಿಕೊಂಡ.

ಮುಂಗಾರು ಶುರುವಾದಾಗ ಸುಶೀಲ ಮೇಡಂ ನನ್ನನ್ನು ಕರೆಸಿದರು. ಹೈಸ್ಕೂಲಿನಲ್ಲಿ ನನಗೆ ಜೀವಶಾಸ್ತ್ರ ಹೇಳಿಕೊಟ್ಟು ಸೋತವರು. ರಿಟೈರ್ ಆದ ಮೇಲೆ ಪ್ರತಿ ಭಾನುವಾರ ನಾಲ್ಕು ಜನರನ್ನು ಕಟ್ಟಿಕೊಂಡು ಹಳ್ಳದಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ಒಂದು ಉದ್ದ ನೋಟುಬುಕ್ಕು, ಕಾಲಲ್ಲಿ ಅವರ ಯಜಮಾನರ ಗಮ್ ಬೂಟು. ಜನರನ್ನು ಸೇರಿಸಲು ಆಟೋ ಪ್ರಚಾರ ಬೇಕಿತ್ತು, ನಾನು ಮಾಡಿದೆ. ಮಾಡಿದ ಮೇಲೆ ನೋಡೋಣವೆಂದು ಹೋದೆ. ನನ್ನ ಪ್ರಚಾರ ಕೇಳಿ ಬಂದವನು ನಾನೊಬ್ಬನೇ.

"ಪ್ರಚಾರ ಚೆನ್ನಾಗಿ ಮಾಡಿದ್ದೀಯ ಕಣಪ್ಪ" ಅಂದರು ಮೇಡಂ.

ತೂಬಿನಿಂದ ನದಿಯವರೆಗೆ ನಡೆದೆವು. ಇಪ್ಪತ್ತೆರಡು ವರ್ಷ ಆ ಊರಲ್ಲಿದ್ದವನು ಅಂದು ಮೊದಲ ಸಲ ಹಳ್ಳದೊಳಗೆ ಇಳಿದಿದ್ದೆ. ಮೇಲೆ ಮನೆಗಳ ಹಿಂಗೋಡೆ, ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ. ಕೆಳಗೆ ಇಳಿದರೆ ಊರೇ ಇಲ್ಲ. ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿಯ ಬಿಲಗಳು, ಲಕ್ಕಿ ಗಿಡದ ಕಹಿ ವಾಸನೆ, ಯಾರೂ ಒಗೆಯದೆ ಪಾಚಿ ಹಿಡಿದ ಒಗೆಯುವ ಕಲ್ಲುಗಳ ಸಾಲು. ಮೇಡಂ ಪ್ರತಿಯೊಂದಕ್ಕೂ ನಿಂತು, "ನೋಟ್ ಮಾಡ್ಕೋಬೇಕು, ನೋಟ್ ಮಾಡ್ಕೋಬೇಕು" ಅನ್ನುತ್ತಿದ್ದರು. ನಾನು ಅವರ ಹಿಂದೆ ಅವರದೇ ದನಿಯಲ್ಲಿ "ನೋಟ್ ಮಾಡ್ಕೋಬೇಕು" ಅಂದೆ. ತಿರುಗಿ ನೋಡದೆ, "ಪರೀಕ್ಷೇಲೂ ಹೀಗೇ ಪಕ್ಕದವರದ್ದನ್ನೇ ಬರೀತಿದ್ದೆ" ಅಂದರು.

ಒಂದು ತಿರುವಿನಲ್ಲಿ ಕೆಂಪವ್ವ ಸಿಕ್ಕಳು. ಮಾದಯ್ಯನ ಹೆಂಡತಿ. ಸೆರಗನ್ನು ಮಡಿಲು ಕಟ್ಟಿಕೊಂಡು ಹೊನಗೊನ್ನೆ, ಒಂದೆಲಗ ಕೀಳುತ್ತಿದ್ದಳು. ಕಿತ್ತದ್ದನ್ನು ಬಸ್ ಸ್ಟ್ಯಾಂಡಿನ ಹತ್ತಿರ ಮಾರಿಯೇ ಅವಳ ಜೀವನ. "ಸೊಪ್ಪು ಈಗ ಈ ಕಡೀಕೇ ಬತ್ತದೆ ಮೇಡಂ. ಆ ಕಡೆ ಎಲ್ಲಾ ಮುಚ್ಬುಟ್ರಲ್ಲ" ಅಂದು ಮೋರಿಯ ಕಡೆ ಕೈ ತೋರಿಸಿದಳು.

ಆ ಕಡೆ ಮುಚ್ಚುತ್ತಿದ್ದವನು ಪುಟ್ಟಸ್ವಾಮಣ್ಣ. ಅವನದು ಟ್ರ್ಯಾಕ್ಟರು. ಎಲ್ಲಿ ಹಳೇ ಮನೆ ಕೆಡವಿದರೂ ಅದರ ಇಟ್ಟಿಗೆ ಚೂರು, ಗಾರೆ, ಮಣ್ಣು ತಂದು ಸಂಜೆ ಹೊತ್ತಿಗೆ ಮೋರಿಯ ಕೆಳಗೆ ಸುರಿಯುತ್ತಿದ್ದ. ಹಳ್ಳದ ಅಗಲ ಅಲ್ಲಿ ಅರ್ಧಕ್ಕೆ ಬಂದಿತ್ತು. ಮೇಡಂ ಹೇಳಿ ನೋಡಿದರು.

"ಖಾಲಿ ಜಾಗ ಅಲ್ವಾ ಮೇಡಂ?"

"ಖಾಲಿ ಅಲ್ಲಪ್ಪ, ಅದು ಹಳ್ಳ."

"ಹಳ್ಳ, ಅದಕ್ಕೇ ತುಂಬ್ತಾ ಇವ್ನಿ. ದಿಬ್ಬ ಆಗಿದ್ರೆ ಯಾಕ್ ತುಂಬ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಮೇಡಂ ಕೊಟ್ಟಿದ್ದ ಅರ್ಜಿಗೆ ಸರ್ಕಾರಿ ಅಳತೆಯವರು ಒಪ್ಪಿದ್ದರು: ಗೌರಿ ಹಬ್ಬ ಕಳೆದ ಮೇಲೆ ಬರುತ್ತೇವೆ, ಅಂದು ಹಳ್ಳ ಎಷ್ಟು ಅಗಲ ಕಾಣುತ್ತದೋ ಅಷ್ಟಕ್ಕೆ ಕಲ್ಲು ನೆಡುತ್ತೇವೆ, ಆಮೇಲೆ ಅದರೊಳಗೆ ಯಾರೂ ಕೈ ಹಾಕುವ ಹಾಗಿಲ್ಲ. ಅಂದರೆ ಅಲ್ಲಿಯವರೆಗೆ ಹಳ್ಳ ಹಳ್ಳವಾಗಿಯೇ ಉಳಿಯಬೇಕಿತ್ತು. ಪುಟ್ಟಸ್ವಾಮಣ್ಣ ದಿನಕ್ಕೆ ಮೂರು ಲೋಡಿನಂತೆ ಸುರಿದರೆ ಅಳತೆಯವರು ಬಂದಾಗ ಅಲ್ಲಿ ವಾಲಿಬಾಲ್ ಆಡಬಹುದಿತ್ತು.

ಬುದ್ಧಿವಂತನಾದವನು ಇನ್ನೊಂದು ಅರ್ಜಿ ಬರೆಯುತ್ತಿದ್ದ. ನಾನು ಮೋರಿಯ ಮೇಲುಗಡೆ, ಕೇದಗೆ ಮೆಳೆಯ ಮರೆಯಲ್ಲಿ ಕೂತು, ಮೋರಿಯಡಿ ನೀರು ಹಾಯುವ ಸಿಮೆಂಟ್ ಪೈಪಿನೊಳಗೆ ತಲೆ ತೂರಿಸಿದೆ. ಆ ಕಡೆ ಬಾಯಿ ತೆರೆದುಕೊಳ್ಳುವುದು ಸರಿಯಾಗಿ ಟ್ರ್ಯಾಕ್ಟರಿನ ಕೆಳಗೆ. ಹೊತ್ತು ಮುಳುಗುತ್ತಿತ್ತು. ಪುಟ್ಟಸ್ವಾಮಣ್ಣ ಟ್ರೇಲರ್ ಎತ್ತುತ್ತಿದ್ದ ಸದ್ದು ಕೇಳಿದ ಮೇಲೆ ಕೂಗಿದೆ.

"ನೀರ್ ಬುಡ್ತೀನೀ... ಮ್ಯಾಕ್ ಬನ್ನೀ..."

ಪೈಪು ನನ್ನ ದನಿಯನ್ನು ತೆಗೆದುಕೊಂಡು ಆ ಕಡೆ ಬೇರೆ ಯಾರದ್ದನ್ನೋ ಕೊಟ್ಟಿತು. ಅದು ನನಗೇ ಗೊತ್ತಾಯಿತು. ಟ್ರ್ಯಾಕ್ಟರಿನ ಇಂಜಿನ್ ನಿಂತಿತು. ಆಮೇಲೆ ಚಪ್ಪಲಿ ಬಿಟ್ಟು ಓಡುವ ಕಾಲಿನ ಸದ್ದು. ಟ್ರ್ಯಾಕ್ಟರು ಮಾರನೆಯ ಬೆಳಗಿನವರೆಗೆ ಅಲ್ಲೇ, ಟ್ರೇಲರ್ ಅರ್ಧ ಎತ್ತಿಕೊಂಡು, ಪ್ರಶ್ನೆ ಕೇಳಲು ಕೈ ಎತ್ತಿದ ಹುಡುಗನ ಹಾಗೆ ನಿಂತಿತ್ತು.

ಮೂರು ವಾರ ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಪುಟ್ಟಸ್ವಾಮಣ್ಣನಿಗೆ ಜ್ವರ ಬಂತೆಂದು ಸುದ್ದಿ. ಮೇಡಂ ಸಂತೋಷದಿಂದ, "ಅವನಿಗೆ ಬುದ್ಧಿ ಬಂತು ಅಂತ ಕಾಣುತ್ತೆ" ಅಂದರು. ನಾನು ಹೌದೆಂದೆ. ಯಾವ ದಾರಿಯಲ್ಲಿ ಬಂತೆಂದು ಹೇಳಲಿಲ್ಲ. ನಡುವೆ ಎರಡು ಸಲ, ಬೇರೆಯವರ ಗಾಡಿ ಬಂದಾಗ, ಮತ್ತೆ ಕೂಗಿದೆ. ನಾಲ್ಕನೆಯ ಸಲ ಯಾವ ಗಾಡಿಯೂ ಬಂದಿರಲಿಲ್ಲ. ಸುಮ್ಮನೆ ಚಪಲಕ್ಕೆ ಕೂಗಿದೆ. ಪೈಪಿನೊಳಗೆ ಆ ದನಿ ಹೋಗಿ ಇನ್ನೊಬ್ಬನಾಗಿ ಹೊರಬರುವುದನ್ನು ಕೇಳಲಿಕ್ಕೆ.

ಕೂಗಿ, ಮೆಳೆಯಿಂದ ತಲೆ ಎತ್ತಿ ನೋಡಿದರೆ ಕೆಳಗೆ ಕೆಂಪವ್ವ.

ಅವಳು ಬೆಚ್ಚಲಿಲ್ಲ, ಅಳಲಿಲ್ಲ. ಬಗ್ಗಿದ್ದವಳು ನೆಟ್ಟಗಾದಳು. ಮಡಿಲಿನ ಸೊಪ್ಪು ಚೆಲ್ಲದ ಹಾಗೆ ಒಂದು ಕೈಲಿ ಹಿಡಿದುಕೊಂಡು, ಇನ್ನೊಂದು ಕೈಲಿ ಹೊಂಗೆ ಬೇರು ಹಿಡಿದು ದಂಡೆ ಹತ್ತಿದಳು. ಎಷ್ಟೋ ವರ್ಷ ಹತ್ತಿದ್ದ ಹಾಗೆಯೇ, ಅವಸರವಿಲ್ಲದೆ. ಮೇಲೆ ಬಂದು ಕೆರೆಯ ಕಡೆ ಮುಖ ಮಾಡಿ ನಿಂತಳು. ನೀರು ಬರುವುದನ್ನು ಕಾಯುತ್ತಾ.

ನೀರು ಬರಲಿಲ್ಲ. ಬ್ಯಾರನ್ನಿನ ಹೊಗೆ ಹಳ್ಳದೊಳಗೆ ಇಳಿದು ಮಲಗಿತು. ಅವಳು ನಿಂತೇ ಇದ್ದಳು. ನಾನು ಇರುವೆ ಗೂಡಿನ ಮೇಲೆ ಕೂತಿದ್ದೆನೆಂದು ಆಮೇಲೆ ಗೊತ್ತಾಯಿತು. ಆಗ ಒಂದೂ ಕಚ್ಚಿದ್ದು ತಿಳಿಯಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳು ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ, "ಬಂದೆ ಕಣಯ್ಯ, ಮ್ಯಾಕ್ ಬಂದೆ" ಅಂದು ಮನೆ ಕಡೆ ಹೊರಟಳು.

ಅದೇ ಕೊನೆ, ಇನ್ನು ಕೂಗಬಾರದೆಂದುಕೊಂಡೆ. ಆದರೆ ನಾನು ಬಿಟ್ಟರೂ ಊರು ಬಿಡಲಿಲ್ಲ.

ಜ್ವರ ಬಿಟ್ಟು ಎದ್ದ ಪುಟ್ಟಸ್ವಾಮಣ್ಣ ಬೇರೆ ಮನುಷ್ಯನಾಗಿದ್ದ. ಮಾದಯ್ಯ ತಣ್ಣಗಾಗಿಲ್ಲ, ಅವನಿಗೊಂದು ಕಲ್ಲು ನೆಟ್ಟು ಎಡೆ ಇಡಬೇಕು ಅಂತ ಅವನಿಗೆ ಹೊಳೆದಿತ್ತು. ಎಲ್ಲಿ ನೆಡುವುದು? ಎಲ್ಲಿ ದನಿ ಬಂತೋ ಅಲ್ಲಿ. ಎಲ್ಲಿ ದನಿ ಬಂದದ್ದು? ಪೈಪಿನ ಬಾಯಿಯಲ್ಲಿ, ಹಳ್ಳದ ನಟ್ಟನಡುವೆ. ಒಂದು ಸೋಮವಾರ ಕಲ್ಲು ಬಂತು, ಅರಿಶಿನ ಕುಂಕುಮ ಬಂತು, ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ ಬಂತು. ಕಲ್ಲಿಗೆ ಕಟ್ಟೆ ಬೇಡವೇ? ಕಟ್ಟೆಗೆ ಮಣ್ಣು ಬೇಡವೇ? ಅದೇ ಟ್ರ್ಯಾಕ್ಟರು ಅದೇ ಇಟ್ಟಿಗೆ ಚೂರು ಹೊತ್ತುಕೊಂಡು, ಈ ಸಲ ಮುಂದಿನ ದೀಪಕ್ಕೆ ಹೂವಿನ ಹಾರ ಹಾಕಿಕೊಂಡು, ಹಾಡುಹಗಲೇ ಬಂತು. ಮೇಡಂ ಅಡ್ಡ ನಿಂತರು.

"ಮುಂಚೆ ಆದ್ರೆ ನನ್ ಕೆಲ್ಸ, ನೀವ್ ಬೈದ್ರಿ, ಬೈಸ್ಕೊಂಡೆ" ಅಂದ ಪುಟ್ಟಸ್ವಾಮಣ್ಣ ಕೈ ಮುಗಿದು. "ಈಗ ಅಪ್ಪನ್ ಕೆಲ್ಸ. ಬುಟ್ಬುಡಿ ಮೇಡಂ." ಅವನ ಬಾಯಲ್ಲಿ ಮಾದಯ್ಯ ಆಗಲೇ ದೇವರಾಗಿ 'ಅಪ್ಪ' ಆಗಿದ್ದ.

ಅವನು ನಾಟಕ ಆಡುತ್ತಿದ್ದನೆಂದು ಈಗಲೂ ಅನ್ನಲಾರೆ. ಆಡಿದ್ದರೆ ನನಗೆ ಗೊತ್ತಾಗುತ್ತಿತ್ತು, ಅದು ನನ್ನ ಕಸುಬು. ಯಾರೂ ನೋಡದಿದ್ದಾಗಲೂ ಅವನು ಚಪ್ಪಲಿಯನ್ನು ದಂಡೆಯ ಮೇಲೆ ಬಿಟ್ಟೇ ಕಲ್ಲಿನ ಹತ್ತಿರ ಇಳಿಯುತ್ತಿದ್ದ.

ಗೌರಿ ಹಬ್ಬ ಹತ್ತಿರ ಬರುವಷ್ಟರಲ್ಲಿ ಕಟ್ಟೆ ಮೂರು ಮೆಟ್ಟಿಲು ಬೆಳೆದಿತ್ತು, ಮೇಲೆ ಶೀಟು ಬಂದಿತ್ತು. ಹಳ್ಳಕ್ಕೆ ಉಳಿದದ್ದು ಒಂದು ಎಮ್ಮೆ ಸರಿಯುವಷ್ಟು ಸಂದಿ. ನಾನು ಮೇಡಂ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ನೋಟುಬುಕ್ಕು ತಿರುವಿ ಆ ಮೂರು ವಾರದ ಹಾಳೆ ತೆಗೆದರು.

"ಮೂರು ವಾರ ಗಾಡಿ ಯಾಕೆ ಬರಲಿಲ್ಲ ಅಂತ ನಾನೂ ಕೇಳ್ಲಿಲ್ಲ ಮಂಜ. ಎಲ್ಲಾದಕ್ಕೂ ಪ್ರಶ್ನೆ ಕೇಳೋಳು, ಅದೊಂದಕ್ಕೆ ಕೇಳ್ಲಿಲ್ಲ. ಕೇಳಿದ್ರೆ ನೀನು ಹೇಳ್ಬಿಡ್ತೀಯ ಅಂತ."

ನನ್ನ ತಲೆಗೆ ಆಗ ಇನ್ನೊಂದು ಉಪಾಯ ಹೊಳೆಯಿತು. ನನ್ನ ಉಪಾಯಗಳಿಗೆ ನಾಚಿಕೆ ಇಲ್ಲ. ಮಾದಯ್ಯನ ದನಿಯಲ್ಲೇ, "ಕಲ್ ಎತ್ತಿ" ಅಂದುಬಿಟ್ಟರೆ? ಅಂದು ಸಂಜೆಯೇ ಹೋದೆ. ಮಧ್ಯಾಹ್ನವೆಲ್ಲ ಮಳೆ ಸುರಿದು ನಿಂತಿತ್ತು. ಕಟ್ಟೆಯ ಹತ್ತಿರ ಎಡೆ ಇಡಲು ಬಂದವರ ಮಾತು ಕೇಳುತ್ತಿತ್ತು. ಮೆಳೆಯೊಳಗೆ ಇಳಿದು, ಪೈಪಿಗೆ ತಲೆ ತೂರಿಸಿ, ಉಸಿರು ಎಳೆದುಕೊಂಡೆ.

ನಾನು ಬಾಯಿ ತೆರೆಯುವ ಮೊದಲು ಆ ಕಡೆಯಿಂದ ಕೂಗು ಬಂತು.

"ನೀರ್ ಬುಡ್ತೀನೀ... ಮ್ಯಾಕ್ ಬನ್ನೀ..."

ಕೊನೆಯ ಸೀಳು ಸಮೇತ. ನಾನು ಹಿಡಿಯಲು ಎರಡು ಮಳೆಗಾಲ ತೆಗೆದುಕೊಂಡ ಸೀಳು. ನನ್ನದರಲ್ಲಿ ಇನ್ನೂ ಸ್ವಲ್ಪ ಸುಳ್ಳಿತ್ತೆಂದು ಅದನ್ನು ಕೇಳಿದ ಮೇಲೆ ತಿಳಿಯಿತು. ಮೊಣಕಾಲು ಕಿತ್ತುಹೋಗುವ ಹಾಗೆ ದಂಡೆ ಹತ್ತಿದೆ. ಹತ್ತಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಕೆಂಪು ನೀರು ಮೆಳೆಯನ್ನು ಬಗ್ಗಿಸಿಕೊಂಡು ಬಂತು. ಮಾದಯ್ಯ ಹೋದ ಮೇಲೆ ತೂಬು ಎತ್ತುವವರಿಲ್ಲದೆ ಕೆರೆ ಕೋಡಿ ಬಿದ್ದಿತ್ತು. ನಾನು ಕೂತಿದ್ದ ಜಾಗ ನೋಡನೋಡುತ್ತಿದ್ದಂತೆ ಕಾಣದಾಯಿತು.

ಯಾರು ಕೂಗಿದ್ದು? ಗೊತ್ತಿಲ್ಲ. ಕಟ್ಟೆಯ ಹತ್ತಿರ ಇದ್ದವರೂ ಕೇಳಿ ಮೇಲೆ ಓಡಿದ್ದರು, ಒಬ್ಬರಿಗೂ ಏನೂ ಆಗಲಿಲ್ಲ. ಅವರೆಲ್ಲ ಕೂಗಿದ್ದು ನಾನಿದ್ದ ಕಡೆಯಿಂದ ಅಂದರು. ನಾನು ಕೇಳಿದ್ದು ಅವರ ಕಡೆಯಿಂದ. ಇಷ್ಟು ವರ್ಷ ಆದರೂ ಇದಕ್ಕೊಂದು ತಮಾಷೆ ಸೇರಿಸಿ ಹೇಳಲು ನನ್ನ ಕೈಲಿ ಆಗಿಲ್ಲ.

ಮಾರನೆಯ ಬೆಳಿಗ್ಗೆ ನೀರು ಇಳಿದಿತ್ತು, ಜನ ಸೇರಿದ್ದರು. ಕಟ್ಟೆ ಹಳ್ಳವನ್ನು ತಡೆದು, ನೀರು ಹಿಂದಕ್ಕೆ ಒತ್ತಿ, ಮೇಲುಗಡೆ ಮೂರು ಮನೆಗಳ ಹಿತ್ತಿಲಿಗೆ ನುಗ್ಗಿತ್ತು. ಕಟ್ಟೆಯ ಒಂದು ಮೂಲೆ ಕುಸಿದು ಕಲ್ಲು ಪಕ್ಕಕ್ಕೆ ವಾಲಿತ್ತು. ಪುಟ್ಟಸ್ವಾಮಣ್ಣನಿಗೆ ಇದರ ಅರ್ಥ ಒಂದೇ: ಅಪ್ಪನಿಗೆ ಜಾಗ ಸಾಲದು. ಕಾಂಕ್ರೀಟ್ ಮಿಷನ್ನು ತರಿಸಿದ್ದ. ದಂಡೆಯಿಂದ ದಂಡೆಗೆ ಮಟ್ಟಸವಾಗಿ ಹಾಕಿಬಿಡುವುದೆಂದು ತೀರ್ಮಾನ.

ಮೇಡಂ ಗಮ್ ಬೂಟಿನಲ್ಲಿ ಓಡಿಬಂದರು. "ಅಳತೆಯವರು ಮುಂದಿನ ವಾರ ಬರ್ತಾರೆ ಪುಟ್ಟಸ್ವಾಮಿ. ಇವತ್ತು ಕಾಂಕ್ರೀಟ್ ಬಿದ್ರೆ ಇಲ್ಲಿ ಹಳ್ಳ ಇತ್ತು ಅನ್ನೋದಕ್ಕೆ ನನ್ನ ನೋಟುಬುಕ್ಕು ಮಾತ್ರ ಉಳಿಯೋದು!"

ನಾನು ಕಟ್ಟೆ ಹತ್ತಿದೆ. "ಕೇಳ್ರಪ್ಪಾ, ಮೊದ್ಲಿಂದ ಕೂಗಿದ್ದು ನಾನು. ನೋಡಿ ಬೇಕಾದ್ರೆ" ಅಂದು, ಬೆಳಕಿನಲ್ಲಿ, ಎಲ್ಲರ ಎದುರಿಗೆ ಕೂಗಿದೆ. ಪುಟ್ಟಸ್ವಾಮಣ್ಣ ದಬಕ್ಕನೆ ಕಾಲಿಗೆ ಬಿದ್ದ.

"ಅಪ್ಪ ಬಂದವ್ನೆ! ಮಂಜನ್ ಮ್ಯಾಲೆ ಬಂದವ್ನೆ!"

ಯಾರೋ ಹಣೆಗೆ ಕುಂಕುಮ ಬಳಿದರು. ಕೊರಳಿಗೆ ಟ್ರ್ಯಾಕ್ಟರಿನ ಹಾರ ಬಿತ್ತು. "ಅಪ್ಪಾ, ಸಿಮೆಂಟ್ ಸಾಕಾ, ಇನ್ನೊಂದ್ ಲೋಡ್ ತರಿಸ್ಲಾ?" ಅಂತ ಪುಟ್ಟಸ್ವಾಮಣ್ಣ ಕೆಳಗಿನಿಂದ ಕೇಳುತ್ತಿದ್ದ. ನಾನು "ಅಣ್ಣೋ, ನಾನ್ ಮಂಜ ಕಣಣ್ಣೋ" ಅಂದೆ. ಆ ಮಾತೂ ಮಾದಯ್ಯನ ದನಿಯಲ್ಲೇ ಬಂತು. ಮತ್ತೆ ಹೇಳಿದೆ. ಮತ್ತೆ ಅದೇ. ಜೀವಮಾನವೆಲ್ಲ ಬೇರೆಯವರ ದನಿಯಲ್ಲಿ ಆಡಿದವನಿಗೆ, ನನ್ನದು ಬೇಕಾದ ಹೊತ್ತಿಗೆ ಅದು ಎಲ್ಲೂ ಇರಲಿಲ್ಲ. ಗಂಟಲೊಳಗೆ ತಡಕಾಡಿದೆ, ಬರೀ ಬೀಡಿ ಹೊಗೆಯ ಸೀಳು. ಅಲ್ಲಿ ನಾನು ಹೆದರಿದಷ್ಟು ಇನ್ನೆಂದೂ ಹೆದರಿಲ್ಲ.

ಆಗ ಜನರ ನಡುವಿನಿಂದ ಕೆಂಪವ್ವ ಬಂದಳು. ಕುಸಿದ ಮೆಟ್ಟಿಲು ಹತ್ತಿ ನನ್ನೆದುರು ನಿಂತು, ತನ್ನ ಗಂಡನ ಅಂಗಿಯನ್ನು ಇನ್ನೊಬ್ಬ ತೊಟ್ಟುಕೊಂಡಿದ್ದಾನೆ ಅನ್ನುವ ಹಾಗೆ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಸೆರಗಿನಿಂದ ನನ್ನ ಹಣೆಯ ಕುಂಕುಮ ಒರೆಸಿ, "ಸಾಕು ಬುಡು ಮಗ, ಗಂಟ್ಲು ನೋಯ್ತದೆ" ಅಂದಳು. "ಅವ್ವಾ" ಅಂದೆ. ಅದು ನನ್ನ ದನಿಯಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಆ ಕೂಗನ್ನು ನಾನು ಪ್ರಯತ್ನಿಸಿಲ್ಲ.

ಮಿಷನ್ನು ನಿಂತದ್ದು, ಪುಟ್ಟಸ್ವಾಮಣ್ಣ ತಾನೇ ಆ ಕಲ್ಲಿಗೆ ಮೊದಲು ಹೆಗಲು ಕೊಟ್ಟದ್ದು, ಅದು ಕೆರೆ ಏರಿಯ ಮೇಲೆ ಹೋಗಿ ಕೂತದ್ದು, ಸುರಿದ ಮಣ್ಣನ್ನೆಲ್ಲ ನಾಲ್ಕು ದಿನದಲ್ಲಿ ಅದೇ ಟ್ರ್ಯಾಕ್ಟರು ವಾಪಸ್ ಹೊತ್ತದ್ದು, ಅಳತೆಯವರು ಬಂದು ಎರಡೂ ದಂಡೆಗೆ ಕಲ್ಲು ನೆಟ್ಟದ್ದು, ಇದಕ್ಕೆಲ್ಲ ಕಾರಣ ಮೇಡಂ ಅರ್ಜಿ ಅಂತ ಕೆಲವರು, ಮಾದಯ್ಯನ ಮಹಿಮೆ ಅಂತ ಕೆಲವರು ಹೇಳುತ್ತಾರೆ. ಆದರೆ ಅಂದು ಕಟ್ಟೆಯ ಮೇಲೆ ಒಂದು ಮಾರು ದೂರದಲ್ಲಿ ನಿಂತು ಕೇಳಿದವನು ನಾನು. ಕೆಂಪವ್ವ ನನ್ನನ್ನು ಬಿಟ್ಟು ಪುಟ್ಟಸ್ವಾಮಣ್ಣನ ಕಡೆ ತಿರುಗಿದಳು. "ಅಕ್ಕಾ, ನಿನ್ ಗಂಡನ್ನ ದೇವ್ರು ಮಾಡ್ತಾ ಇವ್ನಿ, ಬ್ಯಾಡ ಅನ್ಬ್ಯಾಡ" ಅಂದ ಅವನು. ಅವಳು ದನಿ ಏರಿಸಲೂ ಇಲ್ಲ.

"ಹಳ್ಳದಲ್ಲಿರೋರ್ನೆಲ್ಲ ಮ್ಯಾಕ್ ಕರ್ದು ಕರ್ದು ಗಂಟ್ಲು ಹರ್ಕೊಂಡೋನು ಕಣಪ್ಪ ಅವ್ನು. ಅವ್ನನ್ನೇ ತಂದು ಹಳ್ಳದ್ ಮಧ್ಯಕ್ಕೆ ಇಳಿಸಿದ್ದೀರಲ್ಲ, ನೀರ್ ಬಂದಾಗ ಅವ್ನ ಮ್ಯಾಕ್ ಕರ್ಯೋರ್ ಯಾರು?"